ಫಾದರ್ ಸ್ಟುಡಿಯೋದ ಖಳನಾಯಕ

ಕಳೆದ ವಾರ ವಡೋದರಾದಿಂದ ಫಾದರ್ ಫೋನು ಮಾಡಿದ್ದರು. ಎತ್ತಿದ ಕೂಡಲೇ ಹೇಳಿದ್ದು, "ಗೊತ್ತಾಯ್ತಾ? ರಾಯರು ಹೋಟೆಲಿನ ಗಲ್ಲಾ ಮಗಳಿಗೆ ಬಿಟ್ಟುಕೊಟ್ರಂತೆ." ಈಗ ನಾನಿರುವ ವಸ್ತ್ರಾಪುರದ ಕೆರೆಯ ಸುತ್ತ ನಡೆಯುತ್ತಿದ್ದವಳು ಅಲ್ಲೇ ನಿಂತು ನಕ್ಕುಬಿಟ್ಟೆ. ಬಿಟ್ಟುಕೊಟ್ಟರಂತೆ! ನಾನು ಕಂಡಂತೆ ಈ ಮನುಷ್ಯ ಗಿರಾಕಿಗಾಗಲಿ, ತರಕಾರಿಯವನಿಗಾಗಲಿ, ಕೊನೆಗೆ ಪಾದ್ರಿಗಾಗಲಿ ಒಂದೇ ಒಂದು ಮಾತನ್ನು ಬಿಟ್ಟುಕೊಟ್ಟವರಲ್ಲ. "ವಾದ ಮಾಡದೇ ಎದ್ರೇನ್ರಿ ಫಾದರ್?" ಎಂದು ಕೇಳಿದೆ. "ಎಲ್ಲುಂಟು? ಬೆಳಗ್ಗೆ ಇಡ್ಲಿಗೆ ಶುರುವಾದದ್ದು ಊಟದ ಹೊತ್ತಿಗೆ ಮುಗೀತಂತೆ" ಎಂದರು. ಆಗ ನನಗೆ ಸಮಾಧಾನವಾಯಿತು. ಮನುಷ್ಯ ಆರೋಗ್ಯವಾಗಿದ್ದಾರೆ.

ಫಾದರ್ ಎಂದರೆ ಕಾರ್ಕಳದ ಕಡೆಯ ಕ್ಯಾಥೊಲಿಕ್ ಪಾದ್ರಿ. ವಡೋದರಾದ ಒಂದು ಚರ್ಚಿನ ಹಳೆಯ ಸಭಾಭವನವನ್ನೇ ಸ್ಟುಡಿಯೋ ಮಾಡಿಕೊಂಡು, ಕ್ಯಾಥೊಲಿಕ್ ಟಿವಿ ವಾಹಿನಿಯೊಂದಕ್ಕೆ ವಾರಕ್ಕೊಂದು ಅರ್ಧ ಗಂಟೆಯ ಗುಜರಾತಿ ಕಾರ್ಯಕ್ರಮ ಮಾಡಿ ಕಳಿಸುತ್ತಿದ್ದರು. ವಿಷಯ ಯಾವಾಗಲೂ ಒಂದೇ: ಜೀವ. ಇನ್ನೂ ಹುಟ್ಟದ ಜೀವ, ಹಾಸಿಗೆ ಹಿಡಿದ ಜೀವ, ಮನೆಯವರಿಗೆ ಬೇಡವಾದ ಜೀವ. ಪ್ರತಿ ವಾರ ಒಂದು ಸಣ್ಣ ನಾಟಕ, ಕೊನೆಗೆ ಫಾದರ್ ಎರಡು ಮಾತು. ನಾನು ಹುಬ್ಬಳ್ಳಿಯವಳು. ಕೆಲಸಕ್ಕೆ ಸೇರುವ ತನಕ ಚರ್ಚಿನ ಮೆಟ್ಟಿಲು ಹತ್ತಿದವಳಲ್ಲ. ಅಲ್ಲಿ ಕ್ಯಾಮೆರಾ ನನ್ನದು, ಎಡಿಟಿಂಗ್ ನನ್ನದು, ಕರೆಂಟ್ ಹೋದರೆ ಬೈಯುವ ಕೆಲಸವೂ ನನ್ನದು. ಫಾದರ್ ಹೇಳುವುದಕ್ಕೆಲ್ಲ ನಾನು ತಲೆಯಾಡಿಸುತ್ತಿದ್ದೆ ಎಂದಲ್ಲ. ಕೆಲವು ವಾರ ಜಗಳವೇ ಆಗುತ್ತಿತ್ತು. ಆದರೆ ಜಗಳ ಆದಮೇಲೂ ಸಂಬಳ ಹೊತ್ತಿಗೆ ಬರುತ್ತಿತ್ತು, ಚಹಾ ಬಿಸಿಯಾಗಿ ಬರುತ್ತಿತ್ತು.

ಆ ಚಹಾ ಬರುತ್ತಿದ್ದದ್ದು ಎದುರಿನ ರಾಯರ ಉಡುಪಿ ಹೋಟೆಲಿನಿಂದ. ಕುಳ್ಳಗಿನ ಆಳು, ಅರ್ಧ ತೋಳಿನ ಬಿಳಿ ಶರ್ಟು, ಪಂಚೆ, ಕಿವಿಯ ತುಂಬ ಕೂದಲು. ಸ್ವರ ಮಾತ್ರ ಆ ದೇಹಕ್ಕೆ ಸೇರಿದ್ದೇ ಅಲ್ಲ. "ಒಂದು ಮಸಾಲೆ" ಎಂದು ಗಲ್ಲಾದಲ್ಲಿ ಕೂತು ಹೇಳಿದರೆ ಅಡುಗೆ ಮನೆಯಲ್ಲಿ ಸೌಟು ಬೀಳಬೇಕು. ವಾದಕ್ಕೆ ಇಳಿಯುವ ಮೊದಲು ಕನ್ನಡಕ ತೆಗೆದು, ಮಡಿಸಿ, ಜೇಬಿಗೆ ಹಾಕುತ್ತಿದ್ದರು. ಕನ್ನಡಕ ತೆಗೆದರು ಎಂದರೆ ಅವಸರದಲ್ಲಿದ್ದ ಗಿರಾಕಿಗಳು ಚಿಲ್ಲರೆಯನ್ನೂ ಕಾಯದೆ ಹೊರಟುಬಿಡುತ್ತಿದ್ದರು.

ನನ್ನ ಮೊದಲ ಜಗಳ ಅವರೊಂದಿಗೆ ಸಾಂಬಾರಿನದು.

"ಏನ್ರೀ ಇದು, ಸಾಂಬಾರೋ ಪಾಯಸಾನೋ? ಗುಜರಾತಿ ಮಂದಿ ಮಾತು ಕೇಳಿ ಬೆಲ್ಲ ಸುರದೀರಿ?"

ಕನ್ನಡಕ ಜೇಬಿಗೆ ಹೋಯಿತು. "ಗುಜರಾತಿಯವ್ರ ಮಾತು ಕೇಳಿ ಅಲ್ಲ ಮಾರಾಯ್ತಿ. ನಮ್ಮಲ್ಲಿ ಮೊದ್ಲಿಂದ ಬೆಲ್ಲ ಉಂಟು. ನಾವು ಇವರಿಗೆ ಕಲಿಸಿದ್ದೋ, ಇವರು ನಮಗೆ ಕಲಿಸಿದ್ದೋ, ಅದು ಬೇರೆ ಪ್ರಸಂಗ. ನಿಮ್ಮ ಕಡೆಯವರಿಗೆ ನಾಲಗೆ ಸುಟ್ಟು ಹೋಗಿದೆ, ರುಚಿ ಗೊತ್ತಾಗುದಿಲ್ಲ."

ನಾನು ಸುಸ್ತಾಗಿ "ಆತು ಬಿಡ್ರಿ, ಬೆಲ್ಲ ಚಲೋನ" ಎಂದೆ. ತಕ್ಷಣ ಅವರು ತಿರುಗಿ ಖಾರದ ಪರ ನಿಂತರು! ಬೆಲ್ಲದಿಂದ ಏನೇನು ಹಾಳಾಗುತ್ತದೆ ಎಂದು ಹೇಳಲು ಶುರುಮಾಡಿದರು. "ಅಲ್ರೀ, ಈಗಷ್ಟ ಬೆಲ್ಲದ ಕಡೆ ಇದ್ರಿ" ಎಂದರೆ, "ನೀನು ಒಪ್ಪಿದ್ರೆ ಆಚೆ ಬದಿಗೆ ಯಾರಾದ್ರೂ ಬೇಡ್ವಾ?" ಎಂದರು. ಮರುದಿನದಿಂದ ನನ್ನ ತಟ್ಟೆಯ ಬದಿಗೆ ಎರಡು ಹುರಿದ ಹಸಿಮೆಣಸಿನಕಾಯಿ ಬರತೊಡಗಿತು. ಕೇಳಿದರೆ, "ಹುಬ್ಬಳ್ಳಿ ತಂಗಿಗೆ" ಎನ್ನುತ್ತಿದ್ದರು.

ಈ ಆಚೆ ಬದಿಯ ಹುಚ್ಚು ಅವರಿಗೆ ತಾಳಮದ್ದಳೆಯಿಂದ ಬಂದದ್ದು. ಕರಾವಳಿಯವರಿಗೆ ಹೇಳಬೇಕಿಲ್ಲ, ನನ್ನಂಥ ಬಯಲುಸೀಮೆಯವರಿಗಾಗಿ ಹೇಳುತ್ತೇನೆ. ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶರ್ಟಿನಲ್ಲೇ ಎದುರುಬದುರು ಕೂತು, ಬರೆದಿಟ್ಟ ಮಾತು ಒಂದೂ ಇಲ್ಲದೆ, ಅವರವರ ಪಾತ್ರದ ಪರವಾಗಿ ಅಲ್ಲೇ ಹುಟ್ಟಿಸಿ ವಾದಿಸುವುದು. ರಾಯರು ಹರೆಯದಲ್ಲಿ ಊರಲ್ಲಿ ಕೂತು ಮಾತಾಡಿದವರು, ಹೆಚ್ಚಾಗಿ ಖಳರ ಪಾತ್ರ. "ಕೆಟ್ಟವನ ಕಡೆ ಕೂತ್ರೆ ಕೆಟ್ಟವನ ಮಾನ ನಮ್ಮ ಕೈಯಲ್ಲಿ" ಎನ್ನುವರು. "ಅವನನ್ನು ಬಡಕಲು ಮಾಡಿ ಸೋಲಿಸಿದ್ರೆ ಒಳ್ಳೆಯವನಿಗೆ ಎಂತ ಮರ್ಯಾದೆ?" ವಡೋದರಾದಲ್ಲಿ ಎದುರು ಕೂರುವವರು ಸಿಗದೆ ಗಿರಾಕಿಗಳ ಮೇಲೆ ಆ ಹಸಿವು ತೀರಿಸಿಕೊಳ್ಳುತ್ತಿದ್ದರು.

ಸ್ಟುಡಿಯೋಗೆ ಅವರು ಬಂದದ್ದು ತಿಂಡಿಯ ಡಬ್ಬಿಯ ಜೊತೆ. ಆ ದಿನ ಡಾಕ್ಟರ್ ಪಾತ್ರದವನು ಕೈಕೊಟ್ಟಿದ್ದ. ಫಾದರ್ ಸುತ್ತ ನೋಡಿದರು, ಉದ್ದಿನ ವಡೆ ಇಳಿಸುತ್ತಿದ್ದ ರಾಯರು ಕಂಡರು. ಬಿಳಿ ಕೋಟು ತೊಡಿಸಿ, ಪಂಚೆ ಕಾಣದ ಹಾಗೆ ಮೇಜಿನ ಹಿಂದೆ ಕೂರಿಸಿದೆವು. ಮೂರು ಸಾಲಿನ ಪಾತ್ರವನ್ನು ಅವರು ಹನ್ನೆರಡು ನಿಮಿಷ ಮಾಡಿದರು. ಗುಜರಾತಿ ನೀರಿನಂತೆ ಹರಿಯುತ್ತಿತ್ತು, ರಾಗ ಮಾತ್ರ ಉಡುಪಿಯದು. ಬಸುರಿಗೆ ಧೈರ್ಯ ಹೇಳಿ, ಗಂಡನಿಗೆ ಬೈದು, ಬೆಳಗ್ಗೆ ಗಂಜಿ ಕುಡಿಯಲು ಹೇಳಿ, ಕೊನೆಗೆ ಫೀಸು ಬೇಡ ಎಂದರು. ಆ ಕಂತು ಬಂದ ಮೇಲೆ ಚರ್ಚಿನ ಒಬ್ಬ ಅಜ್ಜಿ ಹೋಟೆಲಿಗೆ ಬಂದು, "ಡಾಕ್ಟರ್ ಸಾಹೇಬ್" ಎಂದು ಗಲ್ಲಾದ ಮೇಲೆ ಮೊಣಕಾಲಿನ ಎಕ್ಸ್‌ರೇ ಇಟ್ಟಳು. ರಾಯರು ಅದನ್ನು ಬೆಳಕಿಗೆ ಹಿಡಿದು ನೋಡಿ, "ನಾನು ಟಿವಿಯಲ್ಲಿ ಮಾತ್ರ ಡಾಕ್ಟ್ರು. ಇಲ್ಲಿ ಕಾಫಿ ಒಂದೇ ಔಷಧ" ಎಂದು ಗುಜರಾತಿಯಲ್ಲಿ ಹೇಳಿ, ಕಾಫಿ ಕುಡಿಸಿ ಕಳಿಸಿದರು.

ಅಂದಿನಿಂದ ಅವರು ನಮ್ಮ ಖಾಯಂ ನಟ. ಒಮ್ಮೆ ಹಾಸಿಗೆ ಹಿಡಿದ ಮುದುಕನಾದರು. ಕೊನೆಗೆ ಸಾಯಬೇಕು, ಮಗನ ಪಾತ್ರದವನು ಅಳಬೇಕು. ಸತ್ತರು. ಅವನು ಅತ್ತ. ಸತ್ತವರು ಕಣ್ಣು ಮುಚ್ಚಿಕೊಂಡೇ, "ಹಾಗಲ್ಲ ಮಾರಾಯ, ಅಪ್ಪ ಸತ್ತದ್ದು, ಬಸ್ಸು ತಪ್ಪಿದ್ದಲ್ಲ" ಎಂದರು. ಶೂಟಿಂಗು ಅರ್ಧ ಗಂಟೆ ನಿಂತುಹೋಯಿತು. ನಕ್ಕು ನಕ್ಕು ನನಗೆ ಫೋಕಸ್ ಸಿಗಲಿಲ್ಲ.

ಅವರೊಂದಿಗೆ ವಾದ ಮಾಡದೆ ಬದುಕುತ್ತಿದ್ದವರು ಅವರ ಹೆಂಡತಿ ಒಬ್ಬರೇ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ರಾಯರು ಏನೇ ಎತ್ತಿದರೂ ಅಕ್ಕ "ಆಯ್ತು" ಎನ್ನುವರು. ಆಮೇಲೆ ತಮಗೆ ಬೇಕಾದದ್ದು ಮಾಡುವರು. ಮೂವರು ಹೆಣ್ಣುಮಕ್ಕಳು. ದೊಡ್ಡವರಿಬ್ಬರು ಮದುವೆಯಾಗಿ ಸೂರತ್‌ನಲ್ಲಿ. ಮೂರನೆಯವಳು ಎಂ.ಕಾಂ. ಮುಗಿಸಿ ಸಂಜೆ ಹೋಟೆಲಿನ ಲೆಕ್ಕ ನೋಡುತ್ತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ವಡೋದರಾ. ಗರ್ಬಾ ಕುಣಿದರೆ ಕಣ್ಣು ಕೀಳಲು ಆಗದು. ಕನ್ನಡ ಮಾತ್ರ ಅರ್ಧ ಬೆಂದದ್ದು, ನಡುನಡುವೆ ಹಿಂದಿ, ಗುಜರಾತಿ.

ಆ ವಾರದ ಕಥೆ ಹೀಗಿತ್ತು. ಎರಡು ಹೆಣ್ಣುಮಕ್ಕಳ ತಾಯಿ ಮತ್ತೆ ಬಸುರಿ. ಇದೂ ಹೆಣ್ಣೇ ಎಂದು ಯಾರೋ ಕಳ್ಳದಾರಿಯಲ್ಲಿ ತಿಳಿದು ಬಂದಿದ್ದಾರೆ. ಮಾವ ತೆಗೆಸು ಎನ್ನುತ್ತಾನೆ, ಸೊಸೆ ಒಲ್ಲೆ ಎನ್ನುತ್ತಾಳೆ, ಕೊನೆಗೆ ಮಾವನ ಮನಸ್ಸು ಬದಲಾಗುತ್ತದೆ. ಮಾವನಿಗೆ ಫಾದರ್ ನಾಲ್ಕು ಸಾಲು ಬರೆದಿದ್ದರು: ನನಗೆ ಮೊಮ್ಮಗನೇ ಬೇಕು, ಇಲ್ಲದಿದ್ದರೆ ಮನೆ ಬಿಟ್ಟು ಹೋಗು, ಇತ್ಯಾದಿ. ರಾಯರು ಓದಿ ನಕ್ಕರು.

"ಇವ ಹೀಗೆ ಕೂಗಿದ್ರೆ ಯಾವ ಸೊಸೆಯೂ ಹೆದರ್ಲಿಕ್ಕಿಲ್ಲ ಫಾದರ್. ಕೂಗುವವ್ರು ಅಪಾಯದವ್ರಲ್ಲ. ಮೆತ್ತಗೆ ಮಾತಾಡುವವ್ರು ಅಪಾಯ. ನನಗೆ ಬಿಡಿ."

ಫಾದರ್ ಬಿಟ್ಟರು. ತಾಳಮದ್ದಳೆ ಕೇಳಿ ಬೆಳೆದ ಕಾರ್ಕಳದ ಮನುಷ್ಯ, ಅಂಥವರ ಕೈಗೆ ಖಳನನ್ನು ಒಪ್ಪಿಸಿ "ಬಿಟ್ಟೆ" ಎಂದರು! ಸೊಸೆಯ ಪಾತ್ರದ ಕಾಲೇಜು ಹುಡುಗಿಗೆ ಪರೀಕ್ಷೆ ಇದ್ದುದರಿಂದ ರಾಯರ ಮೂರನೆಯ ಮಗಳನ್ನೇ ಕರೆದರು. ಅವಳು ಖುಷಿಯಿಂದ ಬಂದಳು. ಮೂರನೆಯ ಹೆಣ್ಣುಮಗುವಿನ ಕಥೆಗೆ ಮೂರನೆಯ ಹೆಣ್ಣುಮಗಳನ್ನೇ ತಂದು, ಅಪ್ಪನ ಎದುರು ಕೂರಿಸುತ್ತಿದ್ದೇವೆ ಎಂದು ಅಲ್ಲಿದ್ದ ಒಬ್ಬರ ತಲೆಗೂ ಹೊಳೆಯಲಿಲ್ಲ.

ಕ್ಯಾಮೆರಾ ಓಡಿತು. ರಾಯರು ಕನ್ನಡಕ ತೆಗೆದರು. ಮೆಲ್ಲನೆ, ಗುಜರಾತಿಯಲ್ಲಿ, ಜ್ವರದ ಮಗುವಿಗೆ ಔಷಧ ಕುಡಿಸುವಂತೆ ಮಾತಾಡಿದರು.

"ಕೂತುಕೋ ಮಗಳೇ, ನಿಂತು ಕಾಲು ನೋಯಿಸಿಕೊಳ್ಳಬೇಡ. ನಾನು ಹೆಣ್ಣುಮಕ್ಕಳ ವೈರಿಯಲ್ಲ. ನಿನ್ನ ಇಬ್ಬರನ್ನೂ ಹೆಗಲ ಮೇಲೆ ಹೊತ್ತವನು ನಾನೇ. ಅವರ ಮೇಲಿನ ಪ್ರೀತಿಗೇ ಹೇಳುತ್ತಿದ್ದೇನೆ. ಒಂದು ರೊಟ್ಟಿಯನ್ನು ಇಬ್ಬರಿಗೆ ಹಂಚಿದರೆ ಅರೆಹೊಟ್ಟೆ. ಮೂವರಿಗೆ ಹಂಚಿದರೆ ಮೂವರೂ ಹಸಿದೇ ಮಲಗಬೇಕು. ಅತಿಥಿಯನ್ನು ಒಳಗೆ ಕರೆದು, ಎಲೆ ಹಾಕಿ ಕೂರಿಸಿ, ಆಮೇಲೆ ಬಡಿಸಲು ಏನೂ ಇಲ್ಲ ಎನ್ನುವುದು ಧರ್ಮವೇ? ಇನ್ನೂ ಮುಖ ನೋಡಿಲ್ಲ, ಹೆಸರಿಟ್ಟಿಲ್ಲ. ನಾಳೆ ಅದೇ ಮಗಳು ಬಂದು, ಏನೂ ಕೊಡಲಾಗದವಳು ನನ್ನನ್ನು ಯಾಕೆ ಹೆತ್ತೆ ಎಂದು ಕೇಳಿದರೆ ನೀನು ಏನು ಹೇಳುತ್ತೀ? ಹೇಳು, ಕೇಳಿಕೊಳ್ಳುತ್ತೇನೆ."

ಲೈಟಿನ ಹತ್ತಿರ ನಿಂತಿದ್ದ ಸಿಸ್ಟರ್ ಒಬ್ಬರು "ಬಾತ್ ತೋ ಸಹೀ ಹೈ", ಮಾತೇನೋ ಸರಿ, ಎಂದು ಪಿಸುಗುಟ್ಟಿ, ತಾವೇ ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡರು.

"ಕಟ್! ಕಟ್!" ಫಾದರ್ ಎದ್ದೇಬಿಟ್ಟರು. "ರಾಯರೇ, ಎಂತ ಮಾಡಿದ್ರಿ ನೀವು? ಗೆದ್ದುಬಿಟ್ರಲ್ಲ! ಇದನ್ನು ಕಳಿಸಿದ್ರೆ ವಾಹಿನಿಯವ್ರು ನನ್ನನ್ನು ಮನೆಗೆ ಕಳಿಸ್ತಾರೆ!"

ನನಗೆ ನಗು ಬಂತು. ಅಷ್ಟರಲ್ಲಿ ಮಗಳ ಮುಖ ನೋಡಿದೆ, ನಗು ಅಲ್ಲೇ ನಿಂತಿತು. ಅವಳು ಮಾವನನ್ನು ನೋಡುತ್ತಿರಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು.

"ಪಪ್ಪಾ, ಇದು ಫಾದರ್ ಬರ್ದಿದ್ದಲ್ಲ" ಎಂದಳು. "ಇಷ್ಟು ರೆಡಿ ಹೇಗೆ ಇತ್ತು ನಿಮ್ಮ ಹತ್ರ? ಹಮ್ ತೀನ್ ಹೈ ನಾ? ಮೂರನೇದು ನಾನು."

ರಾಯರು, "ಅಯ್ಯೋ ಮಗಾ, ಅದು ಪಾತ್ರ..." ಎನ್ನುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಆಮೇಲಿನ ದಿನಗಳು ಹೋಟೆಲಿನಲ್ಲಿ ಸಾಂಬಾರಿಗಿಂತ ಸಪ್ಪೆ. ಮಗಳು ಸಂಜೆ ಬಂದು ಲೆಕ್ಕ ನೋಡುವಳು, ಅಪ್ಪನ ಜೊತೆ ಮಾತಿಲ್ಲ. ರಾಯರು ಗಿರಾಕಿ ಹೇಳಿದ್ದಕ್ಕೆಲ್ಲ ಹೌದು ಎನ್ನುತ್ತಿದ್ದರು. "ಕಾಫಿ ತಣ್ಣಗಿದೆ" ಎಂದರೆ, "ಹೌದು, ತಣ್ಣಗಿದೆ." ನಿತ್ಯದ ಗಿರಾಕಿಗಳು ಗಾಬರಿಯಾಗಿ, ಯಜಮಾನರಿಗೆ ಹುಷಾರಿಲ್ಲವೇ ಎಂದು ನನ್ನನ್ನು ಕೇಳತೊಡಗಿದರು. ಫಾದರ್ ಮಾವನ ಮಾತನ್ನು ಎರಡು ಸಾಲಿಗೆ ಕತ್ತರಿಸು ಎಂದರು. ಕತ್ತರಿಸಬಹುದಿತ್ತು, ನನ್ನ ಕೆಲಸವೇ ಅದು. ಆದರೆ ಆ ಹುಡುಗಿಯ ಕಿವಿಯೊಳಗೆ ಹೋದದ್ದನ್ನು ಯಾವ ಕಂಪ್ಯೂಟರಿನಲ್ಲಿ ಕತ್ತರಿಸಲಿ? ನನಗೆ ರಾಯರ ಮೇಲೂ ಸಿಟ್ಟು ಬಂದಿತ್ತು. ಪಾತ್ರವಂತೆ, ಮಾನವಂತೆ! ಎದುರು ಕೂತದ್ದು ಯಾರು ಎಂದು ನೋಡಬಾರದೇ?

ಒಂದು ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಹೋದೆ. ಅಕ್ಕ ಬೀನ್ಸಿನ ನಾರು ತೆಗೆಯುತ್ತಿದ್ದರು. ಅವತ್ತು ಬೇಗ ಬಂದಿದ್ದ ಮಗಳು ಒಂದು ಮೂಲೆ, ರಾಯರು ಇನ್ನೊಂದು ಮೂಲೆ. ನಾನು ಕೂತದ್ದೇ ತಡ, ಅಕ್ಕ ಕೈಯಲ್ಲಿದ್ದ ಬೀನ್ಸು ತಟ್ಟೆಗೆ ಹಾಕಿದರು.

"ಊರಿಗೆಲ್ಲ ಮಾತು ಹಂಚ್ತೀರಿ. ಇವಳಿಗೊಂದು ಮಾತು ಹೇಳ್ಲಿಕ್ಕೆ ನಿಮಗೆ ನಾಲಗೆ ಇಲ್ವಾ? ಮೊನ್ನೆ ಆಡಿದ ಮಾತು ಯಾರದ್ದು ಹೇಳಿ."

ಅಕ್ಕ "ಆಯ್ತು" ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ರಾಯರು ಪಂಚೆಯ ಅಂಚು ಸರಿಮಾಡಿಕೊಂಡರು.

"ಅಣ್ಣನದ್ದು" ಎಂದರು.

ಮಗಳು ತಲೆಯೆತ್ತಿದಳು. "ದೊಡ್ಡಪ್ಪ? ಅವ್ರು ತೋ ನನ್ನ ಮೇಲೆ ಜಾನ್ ಇಡ್ತಾರೆ! ಬಂದ್ರೆ ನನ್ನ ಕೈಯಿಂದ್ಲೇ ಕಾಫಿ ಕುಡೀತಾರೆ."

"ಈಗ ಕುಡೀತಾನೆ. ಆ ಮಾತು ನೆನಪುಂಟಾ ಕೇಳಿದ್ರೆ ಇಲ್ಲ ಅಂತಾನೆ. ನನಗೆ ಬಾಯಿಪಾಠ ಉಂಟು." ರಾಯರ ಸ್ವರ ಅಷ್ಟು ಸಣ್ಣದಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. "ನೀನು ಹೊಟ್ಟೆಯಲ್ಲಿದ್ದಾಗ ಊರಿಗೆ ಕರೆಸಿದ. ನನಗೆ ಮಾತು ಕಲಿಸಿದವನೇ ಅವ. ಇಡೀ ಮನೆಯವ್ರನ್ನು ಕೂರಿಸಿ ಶುರುಮಾಡಿದ. ಹಂಚುವ ಮಾತು, ಅತಿಥಿಯ ಮಾತು, ಎಲ್ಲ ಅವನದ್ದೇ. ಅವ ದೋಸೆ ಅಂದಿದ್ದ, ನಾನು ಇಲ್ಲಿಯವರಿಗೆ ಅಂತ ರೊಟ್ಟಿ ಮಾಡಿದೆ, ಅಷ್ಟೆ."

"ಹಾಂ, ಫಿರ್? ನೀವು ಎಂತ ಹೇಳಿದ್ರಿ?"

"ಎಂತದೂ ಇಲ್ಲ. ಒಂದು ಉತ್ತರ ಬರ್ಲಿಲ್ಲ ಮಗಾ. ಊರಲ್ಲಿ ಎಷ್ಟು ಜನರ ಬಾಯಿ ಮುಚ್ಚಿಸಿದವ, ಅವತ್ತು ಬಾಯಿ ಒಣಗಿ ಕೂತೆ. ಸೋತೆ."

"ಮತ್ತೆ ನಾನು?" ಹುಡುಗಿ ಅಪ್ಪನ ಹತ್ತಿರ ಬಂದಳು. "ನಾನು ಹೇಗೆ ಬಂದೆ?"

"ಸೋತ್ರೆ ಅವ ಹೇಳಿದ್ದು ಮಾಡ್ಬೇಕು ಅಂತ ಎಲ್ಲುಂಟು?" ರಾಯರು ಒಮ್ಮೆಗೇ ಗಟ್ಟಿಯಾಗಿ ಕೇಳಿದರು. "ಎದ್ದೆ. ನಿನ್ನ ಅಮ್ಮನಿಗೆ ಚೀಲ ಕಟ್ಟು ಅಂದೆ. ರೈಲು ಹತ್ತಿದ್ವಿ."

ಅಕ್ಕ ಮತ್ತೆ ಬೀನ್ಸು ಕೈಗೆತ್ತಿಕೊಂಡಿದ್ದರು. "ರೈಲಿನಲ್ಲಿ ತುಟಿ ಬಿಚ್ಚಲಿಲ್ಲ ಇವ್ರು. ನನಗೆ ಹೆದರಿಕೆ, ಮನಸ್ಸು ತಿರುಗಿತೋ ಅಂತ. ಸೂರತ್ ಹತ್ರದ ಉಧ್ನಾದಲ್ಲಿ ಗಾಡಿ ನಿಂತಾಗ ಇಳಿದು ಎರಡು ಚಾ ತಂದ್ರು. ನನ್ನ ಕೈಗೆ ಒಂದು ಕೊಟ್ಟು, 'ಹೆಸರು ಎಂತ ಇಡುವ?' ಅಂತ ಕೇಳಿದ್ರು. ಅಷ್ಟೇ."

ಮಗಳು ಅಳುತ್ತಿದ್ದಳು, ನಾನೂ ಅಳುತ್ತಿದ್ದೆ, ಅದನ್ನೇನು ಮುಚ್ಚಿಡುವುದು. ರಾಯರು ನಮ್ಮಿಬ್ಬರನ್ನೂ ನೋಡಿ ಕಂಗಾಲಾಗಿ, "ಇಷ್ಟು ವರ್ಷ ಅಣ್ಣನಿಗೆ ಉತ್ತರ ಹುಡುಕ್ತಾ ಇದ್ದೇನೆ ಮಾರಾಯ್ತಿ, ಸಿಗ್ಲಿಲ್ಲ. ಮೊನ್ನೆ ಪಾತ್ರ ಸಿಕ್ಕಿದಾಗ ಅವನ ಮಾತನ್ನೇ ಇಟ್ಟೆ. ಎದುರಿನವರಿಗಾದ್ರೂ ಹೊಳೀತದೋ ಅಂತ. ಎದುರು ನೀನು ಕೂತದ್ದು ನನಗೆ ಕಾಣಲೇ ಇಲ್ಲ" ಎಂದರು.

ಹುಡುಗಿ ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು, "ಪಾಗಲ್ ಛೋ ತಮೇ" ಎಂದಳು. ಹುಚ್ಚು ನಿಮಗೆ, ಎಂದು. ಆಮೇಲೆ ಫಾದರಿಗೆ ಫೋನು ಮಾಡಿ, ಶನಿವಾರ ಮತ್ತೆ ಶೂಟಿಂಗ್ ಇಡಿ, ಪಪ್ಪನ ಒಂದು ಮಾತನ್ನೂ ಕತ್ತರಿಸಬೇಡಿ ಎಂದು ಗುಜರಾತಿಯಲ್ಲಿ ಅಪ್ಪಣೆ ಮಾಡಿದಳು.

ಶನಿವಾರ ಫಾದರ್ ಸೊಸೆಗೆ ಎರಡು ಪುಟ ಉತ್ತರ ಬರೆದು ತಂದಿದ್ದರು. ಅವಳು ಮುಟ್ಟಲಿಲ್ಲ. ಅಕ್ಕನೂ ಬಂದು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಮಗಳು ಎದುರಿಗಿದ್ದಾಳೆಂದು ರಾಯರು ಮೊದಲು ತಡವರಿಸಿದರು. ಅವಳೇ, "ಪಪ್ಪಾ, ಪೂರಾ ಹೇಳಿ. ಬಡಕಲು ಮಾಡ್ಬೇಡಿ" ಎಂದಳು. ಆಮೇಲೆ ಕೇಳಬೇಕೇ? ರೊಟ್ಟಿ ಹಂಚಿದರು, ಎಲೆ ಹಾಕಿದರು, ಮೊದಲಿಗಿಂತ ಮೆತ್ತಗೆ, ಮೊದಲಿಗಿಂತ ಭಯಂಕರವಾಗಿ. ಫಾದರ್ ಜಪಮಾಲೆ ಹಿಡಿದು ತುಟಿ ಅಲುಗಿಸುತ್ತಿದ್ದರು. "ಹೇಳು, ಕೇಳಿಕೊಳ್ಳುತ್ತೇನೆ" ಎಂದು ರಾಯರು ನಿಲ್ಲಿಸಿದರು.

ಸೊಸೆ ಗುಜರಾತಿಯಲ್ಲಿ ಹೇಳಿದಳು:

"ಬಾಪುಜಿ, ನಿಮ್ಮ ಒಂದು ಮಾತಿಗೂ ನನ್ನ ಹತ್ತಿರ ಉತ್ತರವಿಲ್ಲ. ನೀವು ಗೆದ್ದಿರಿ, ನಾನು ಸೋತೆ. ಈಗ ಹೇಳಿ, ಇವಳಿಗೆ ಏನು ಹೆಸರಿಡೋಣ?"

ರಾಯರು ಬಾಯಿ ತೆರೆದರು. ಮತ್ತೊಮ್ಮೆ ತೆರೆದರು. ಫಾದರ್ ಕಟ್ ಎನ್ನುವುದನ್ನು ಮರೆತು ಜಪಮಾಲೆ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ. ರಾಯರ ಮುಖ ನಿಧಾನಕ್ಕೆ ಅರಳಿತು, ಕಣ್ಣಲ್ಲಿ ನೀರು ತುಂಬಿತು, ಆಮೇಲೆ ಆ ದೊಡ್ಡ ಸ್ವರದಲ್ಲಿ, ಗುಜರಾತಿಯನ್ನೂ ಮಾವನನ್ನೂ ಪೂರಾ ಮರೆತು, ಹಿಂದೆ ಕೂತಿದ್ದ ಹೆಂಡತಿಗೆ ಕೂಗಿ ಹೇಳಿದರು:

"ಸೋತೆ ಮಾರಾಯ್ತಿ! ಅವತ್ತು ಆ ಬದಿ ಕೂತು ಸೋತೆ, ಇವತ್ತು ಈ ಬದಿ ಕೂತು ಸೋತೆ! ಆ ಫೋನು ಕೊಡು ಇತ್ತ. ಅಣ್ಣನಿಗೆ ಹೇಳ್ಬೇಕು, ಉತ್ತರ ಸಿಕ್ಕಿತು."